ಟಿಡ್ಲಿವಿಂಕ್ಸ್ ಕಲಿಯೋಣ: ಬಟ್ಟಲು ಆಮೇಲೆ, ಮುಚ್ಚೋದು ಮೊದಲು

ಒಂದು ಪುಟ್ಟ ಪ್ಲಾಸ್ಟಿಕ್ ಬಿಲ್ಲೆ. ಇನ್ನೊಂದು ದೊಡ್ಡ ಬಿಲ್ಲೆಯಿಂದ ಅದರ ಅಂಚು ಒತ್ತಿದರೆ ಟಪ್ ಅಂತ ಹಾರುತ್ತದೆ. ಬಟ್ಟಲಿಗೆ ಬಿದ್ದರೆ ಖುಷಿ, ಬೀಳದಿದ್ದರೆ ಮತ್ತೊಂದು ಸಲ. ಟಿಡ್ಲಿವಿಂಕ್ಸ್ ಅಂದರೆ ಇಷ್ಟೇ ಅಂತ ನಾನೂ ಅಂದುಕೊಂಡಿದ್ದೆ. ಮಳೆಗಾಲದ ಮಧ್ಯಾಹ್ನ ಮಕ್ಕಳನ್ನು ಸುಮ್ಮನೆ ಕೂರಿಸೋಕೆ ಸರಿ ಅನ್ನೋ ಲೆಕ್ಕ. ನಿಯಮ ಓದಿದ ಮೇಲೆ ಗೊತ್ತಾಯಿತು, ದೊಡ್ಡವರು ಪಂದ್ಯಕ್ಕೆ ಆಡುವ ಟಿಡ್ಲಿವಿಂಕ್ಸ್‌ನಲ್ಲಿ ಬಟ್ಟಲು ಅರ್ಧ ಕತೆ ಮಾತ್ರ. ಉಳಿದರ್ಧ, ಎದುರಾಳಿಯ ಬಿಲ್ಲೆ ಮೇಲೆ ನಿಮ್ಮ ಬಿಲ್ಲೆಯನ್ನು ಕೂರಿಸೋದು. ಅದು ಕೂತಿತೋ, ಕೆಳಗಿನ ಬಿಲ್ಲೆ ಅಲ್ಲಾಡುವ ಹಾಗಿಲ್ಲ.

ಲೂಡೋದಲ್ಲಿ ಕಾಯಿ ಕಡಿದರೆ ಅದು ಮನೆಗೆ ಹೋಗುತ್ತದೆ. ಇಲ್ಲಿ ಕಡಿಯೋದಿಲ್ಲ, ಮುಚ್ಚುತ್ತೀರಿ. ಅದಕ್ಕೇ ಹೊಸಬರಿಗೆ ನನ್ನ ಸಲಹೆ: ಬಟ್ಟಲನ್ನು ಮೊದಲ ವಾರ ಮರೆತುಬಿಡಿ.

ಆಟ ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ಲಂಡನ್ನಿನ ಜೋಸೆಫ್ ಆಶೆಟನ್ ಫಿಂಚರ್ ಎಂಬುವರು 1888ರಲ್ಲಿ ಇದಕ್ಕೆ ಪೇಟೆಂಟ್ ಅರ್ಜಿ ಹಾಕಿದರು. ಆಮೇಲೆ ಇದು ಮನೆಮನೆಯ ಹುಚ್ಚಾಯಿತು. ಈಗಿನ ಪಂದ್ಯದ ರೂಪ ಬಂದಿದ್ದು ಮಾತ್ರ 1955ರಲ್ಲಿ, ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ. ಬಿಲ್ ಸ್ಟೀನ್, ರಿಕ್ ಮಾರ್ಟಿನ್ ಅನ್ನೋ ಇಬ್ಬರು ವಿದ್ಯಾರ್ಥಿಗಳಿಗೆ ವಿಶ್ವವಿದ್ಯಾಲಯದ ಪರವಾಗಿ ಯಾವುದಾದರೂ ಆಟ ಆಡಲೇಬೇಕು ಅಂತ ಆಸೆ. ಇರುವ ಆಟಗಳಲ್ಲಿ ಜಾಗ ಸಿಗೋದು ಕಷ್ಟ. ಸರಿ, ತಾವೇ ಒಂದು ಆಟದ ಕ್ಲಬ್ ಕಟ್ಟಿದರು! 1958ರ ಮಾರ್ಚ್ 1ರಂದು ಕೇಂಬ್ರಿಜ್ ತಂಡ ರೇಡಿಯೋ ಹಾಸ್ಯಕ್ಕೆ ಹೆಸರಾದ ಗೂನ್ಸ್ ತಂಡದ ಜೊತೆ ಆಡಿತು. ಗೂನ್ಸ್ ಆಡಿದ್ದು ಆಗಿನ ರಾಣಿ ಎಲಿಜಬೆತ್ ಅವರ ಗಂಡ ರಾಜಕುಮಾರ ಫಿಲಿಪ್ ಪರವಾಗಿ. ಕೇಂಬ್ರಿಜ್ ಗೆದ್ದಿತು, ರಾಜಮನೆತನದ ಮಾನ ಮಾತ್ರ ಹೋಯಿತು. ಅದೇ ವರ್ಷ ಇಂಗ್ಲಿಷ್ ಟಿಡ್ಲಿವಿಂಕ್ಸ್ ಅಸೋಸಿಯೇಷನ್ ಹುಟ್ಟಿತು. ತಮಾಷೆಯಾಗಿ ಶುರುವಾದ ಆಟಕ್ಕೆ ಮಿಲಿಮೀಟರ್ ಲೆಕ್ಕದ ನಿಯಮಗಳಿವೆ.

ಏನೇನು ಬೇಕು

ಪಂದ್ಯದ ಸೆಟ್‌ನಲ್ಲಿ 24 ಬಿಲ್ಲೆಗಳಿರುತ್ತವೆ. ನೀಲಿ, ಹಸಿರು, ಕೆಂಪು, ಹಳದಿ, ಒಂದೊಂದು ಬಣ್ಣಕ್ಕೆ 6. ಆ ಆರರಲ್ಲಿ 2 ದೊಡ್ಡವು, 4 ಚಿಕ್ಕವು. ದೊಡ್ಡದರ ಅಡ್ಡಳತೆ 22 ಮಿ.ಮೀ., ಹೆಚ್ಚುಕಡಿಮೆ ರೂಪಾಯಿ ನಾಣ್ಯದಷ್ಟು. ಚಿಕ್ಕದು 16 ಮಿ.ಮೀ. ಒತ್ತುವ ದೊಡ್ಡ ಬಿಲ್ಲೆಗೆ ಸ್ಕ್ವಿಜರ್ ಅಂತಾರೆ. ಅದು 25ರಿಂದ 51 ಮಿ.ಮೀ. ಅಗಲ ಇರಬಹುದು, ದಪ್ಪ 5 ಮಿ.ಮೀ. ಮೀರಬಾರದು. ಬಟ್ಟಲಿನ ಎತ್ತರ 38 ಮಿ.ಮೀ., ಬಾಯಿ 48 ಮಿ.ಮೀ. ಇದೆಲ್ಲ ಕೂರೋದು 6 ಅಡಿ ಉದ್ದ, 3 ಅಡಿ ಅಗಲದ ಫೆಲ್ಟ್ ಅನ್ನೋ ಮೆತ್ತನೆಯ ಬಟ್ಟೆಯ ಹಾಸಿನ ಮೇಲೆ.

ನಮ್ಮ ಕಡೆ ಅಂಗಡಿಯಲ್ಲಿ ಈ ಅಳತೆಯ ಸೆಟ್ ಹುಡುಕುತ್ತಾ ಕೂತರೆ ಆಟ ಶುರುವಾಗೋದೇ ಇಲ್ಲ. ಮನೆಯಲ್ಲೇ ಜೋಡಿಸಿ. ಬಿಲ್ಲೆಗೆ ಕೋಟಿನ ಗುಂಡಿ ಒಳ್ಳೆಯದು. ಒಂದು ಕೋಟನ್ನೇ ನೋಡಿ, ಮುಂದೆ ದೊಡ್ಡ ಗುಂಡಿ, ತೋಳಿನ ಕೊನೆಯಲ್ಲಿ ಚಿಕ್ಕ ಗುಂಡಿ. ಎರಡು ಅಳತೆಯೂ ನಮಗೆ ಬೇಕಾದ್ದಕ್ಕೆ ಹತ್ತಿರ. ಟೈಲರ್‌ಗಳು ಸಾಮಾನು ತರುವ ಅಂಗಡಿಗೆ ಹೋಗಿ ನಾಲ್ಕು ಬಣ್ಣದಲ್ಲಿ ಕೇಳಿ. ಚಪ್ಪಟೆ ಗುಂಡಿಯನ್ನೇ ಆರಿಸಿ. ಅಂಚು ಉಬ್ಬಿದ, ನಡುವೆ ತಟ್ಟೆಯ ಹಾಗೆ ತಗ್ಗಿದ ಗುಂಡಿ ಬೇಡ, ಸ್ಕ್ವಿಜರ್ ಅದರ ಅಂಚಿಗೆ ಸಿಕ್ಕಿಕೊಳ್ಳುತ್ತದೆ. ಹಿಂದೆ ಕೊಂಡಿ ಇರೋ ಗುಂಡಿಯಂತೂ ಬೇಡವೇ ಬೇಡ. ಅಂಗಿಯ ಗುಂಡಿ ತೀರಾ ಚಿಕ್ಕದು, ಹಾರಿದರೆ ಸಿಗೋದಿಲ್ಲ.

ಸ್ಕ್ವಿಜರ್‌ಗೆ ಕೇರಂ ಕಾಯಿ ಆಗಲ್ವಾ ಅಂತ ಕೇಳಬಹುದು. ನಾನೂ ಅದರಿಂದಲೇ ಶುರು ಮಾಡಿದ್ದೆ. ಅಗಲ ಸರಿಯಿದೆ, ಆದರೆ ದಪ್ಪ ಜಾಸ್ತಿ, ಅಂಚೂ ಗುಂಡಗೆ. ಎಲ್ಲಿ ಒತ್ತುತ್ತಿದ್ದೇನೆ ಅನ್ನೋದೇ ಕೈಗೆ ತಿಳಿಯೋದಿಲ್ಲ. ಅದಕ್ಕಿಂತ ಅವಧಿ ಮುಗಿದ ಎಟಿಎಂ ಕಾರ್ಡ್ ತರಹದ ಪ್ಲಾಸ್ಟಿಕ್ ಕಾರ್ಡ್‌ಗಳು ಮೂರು ಸೇರಿಸಿ. ಒಂದೊಂದರಿಂದ 4 ಸೆಂ.ಮೀ. ಅಗಲದ ಚಕ್ರ ಕತ್ತರಿಸಿ, ಮೂರನ್ನೂ ಒಂದರ ಮೇಲೊಂದು ಅಂಟಿಸಿ. ಒಣಗಿದ ಮೇಲೆ ಅಂಚನ್ನು ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ ನಯ ಮಾಡಿ. ಉಗುರಿನಿಂದ ಸವರಿದರೆ ಎಲ್ಲೂ ತಡೆಯಬಾರದು. ದೊಡ್ಡ ಆಟಗಾರರೂ ತಮ್ಮ ಸ್ಕ್ವಿಜರನ್ನು ತಾವೇ ಅರ ಹಾಕಿ ಉಜ್ಜಿಕೊಳ್ಳುತ್ತಾರೆ. ಬೇರೆ ಬೇರೆ ಹೊಡೆತಕ್ಕೆ ಬೇರೆ ಬೇರೆ ಸ್ಕ್ವಿಜರ್ ಇಟ್ಟುಕೊಳ್ಳುವವರಿದ್ದಾರೆ. ನಿಮಗೆ ಸದ್ಯಕ್ಕೆ ಒಂದು ಸಾಕು.

ಬಟ್ಟಲಿಗೆ ಕುಂಕುಮದ ಬಟ್ಟಲಿನಂಥ ಪುಟ್ಟದು ಯಾವುದಾದರೂ ಸರಿ. ಎತ್ತರ ಎರಡು ಬೆರಳು, ಬಾಯಿ ಮೂರು ಬೆರಳು ಇದ್ದರೆ ಸಾಕು. ಪಾಯಸದ ಬಟ್ಟಲು ಇಟ್ಟರೆ ಎಲ್ಲರೂ ಗೆಲ್ಲುತ್ತಾರೆ.

ಹಾಸಿನ ವಿಷಯದಲ್ಲಿ ಮಾತ್ರ ರಾಜಿ ಬೇಡ. ಬರಿ ಮೇಜಿನ ಮೇಲೆ ಬಿಲ್ಲೆ ಹಾರೋದೇ ಇಲ್ಲ, ಜಾರುತ್ತದೆ. ಕೆಳಗೆ ಸ್ವಲ್ಪ ಮೆತ್ತಗಿದ್ದು, ಒತ್ತಿದಾಗ ತಗ್ಗಿ ಮತ್ತೆ ಎದ್ದು ಬರಬೇಕು. ಕರಕುಶಲ ಸಾಮಾನಿನ ಅಂಗಡಿಯಲ್ಲಿ ಸಿಗುವ ಫೆಲ್ಟ್ ಬಟ್ಟೆ ದಪ್ಪಗಿದ್ದರೆ ಒಳ್ಳೆಯದು, ತೆಳ್ಳಗಿದ್ದರೆ ಎರಡು ಪದರ ಹಾಕಿ. ಹಾಸಿಗೆ ಮೇಲೆ ಆಡಬೇಡಿ, ಅದು ತೀರಾ ಮೆತ್ತಗೆ. ಕಂಬಳಿಯ ನೂಲು ಬಿಲ್ಲೆಯನ್ನು ಓರೆ ಮಾಡುತ್ತದೆ. 6 ಅಡಿ ಸಿಗದಿದ್ದರೆ 3 ಅಡಿ ತುಂಡಿನಲ್ಲೇ ಅಭ್ಯಾಸ ಶುರು ಮಾಡಿ. ಆಗೋದಾದರೆ ಊಟದ ಮೇಜಿನ ಮೇಲೆ ಹಾಸಿ. ನೆಲದ ಮೇಲೂ ಆಗುತ್ತದೆ, ಅರ್ಧ ಗಂಟೆ ಆದ ಮೇಲೆ ಮಂಡಿಯೇ ಹೇಳುತ್ತದೆ.

ಮೊದಲ ಹೆಜ್ಜೆ: ಕೇರಂ ಕೈಯನ್ನು ಮರೆಯೋದು

ನಮ್ಮಲ್ಲಿ ಬಹಳ ಜನಕ್ಕೆ ಬೆರಳಿನಿಂದ ತಳ್ಳೋದು ರೂಢಿ. ಕೇರಂನಲ್ಲಿ ಸ್ಟ್ರೈಕರನ್ನು ಮುಂದಕ್ಕೆ ಹೊಡೆಯುತ್ತೇವೆ, ಗೋಲಿಯನ್ನೂ ಮುಂದಕ್ಕೇ ಚಿಮ್ಮುತ್ತೇವೆ. ಇಲ್ಲಿ ಉಲ್ಟಾ. ಬಿಲ್ಲೆ ಮುಂದೆ ಹೋಗಬೇಕಾದರೆ ಸ್ಕ್ವಿಜರ್ ನಿಮ್ಮ ಕಡೆಗೆ, ಹಿಂದಕ್ಕೆ ಬರಬೇಕು.

ಹೆಬ್ಬೆರಳು ಒಂದು ಕಡೆ, ತೋರುಬೆರಳು ನಡುಬೆರಳು ಇನ್ನೊಂದು ಕಡೆ, ಹೀಗೆ ಸ್ಕ್ವಿಜರ್ ಹಿಡಿಯಿರಿ. ಅದರ ಅಗಲದ ಮುಖ ಬಿಲ್ಲೆ ಹೋಗಬೇಕಾದ ದಿಕ್ಕಿಗೆ ಎದುರಾಗಿರಲಿ. ಕೆಳ ಅಂಚನ್ನು ಬಿಲ್ಲೆಯ ನಡುಭಾಗದಿಂದ ಸ್ವಲ್ಪ ಈಚೆಗೆ ಇಡಿ. ಈಗ ಒತ್ತುತ್ತಾ ಹಾಗೇ ಹಿಂದಕ್ಕೆ ಎಳೆಯಿರಿ. ಸ್ಕ್ವಿಜರ್ ಬಿಲ್ಲೆಯ ಈಚೆ ಅಂಚಿನಿಂದ ಜಾರಿ ಕೆಳಗಿಳಿಯುವ ಕ್ಷಣಕ್ಕೆ ಬಿಲ್ಲೆ ಆಚೆಗೆ ಹಾರುತ್ತದೆ. ಒಂದು ಅಂಚು ಹಾಸಿನೊಳಗೆ ತಗ್ಗುತ್ತದೆ, ಇನ್ನೊಂದು ಮೇಲೇಳುತ್ತದೆ, ಒತ್ತಡ ತಪ್ಪಿದ ಕೂಡಲೇ ಅದು ಚಿಮ್ಮುತ್ತದೆ. ಅಷ್ಟೇ ವಿಜ್ಞಾನ.

ಹೊಡೆಯಬೇಡಿ. ಮೇಲಿನಿಂದ ಕುಟ್ಟಿದರೂ ಬಿಲ್ಲೆ ಹಾರುತ್ತದೆ, ಆದರೆ ಯಾವ ಕಡೆಗೆ ಅಂತ ಯಾರಿಗೂ ಗೊತ್ತಿರೋದಿಲ್ಲ. ಸ್ಕ್ವಿಜರ್ ಬಿಲ್ಲೆಗೆ ತಾಗಿದ ಮೇಲೆ ಒಂದೇ ಎಳೆತದಲ್ಲಿ ಮುಗಿಯಬೇಕು, ನಡುವೆ ನಿಲ್ಲಿಸಿ ಮತ್ತೆ ಒತ್ತೋ ಹಾಗಿಲ್ಲ. ನಿಯಮವೂ ಅದೇ.

ಮೊದಲ ದಿನ ಗುರಿ ಏನೂ ಇಟ್ಟುಕೊಳ್ಳಬೇಡಿ. ದೊಡ್ಡ ಬಿಲ್ಲೆ ತೆಗೆದುಕೊಂಡು ಒಂದು ಗೇಣು ಮುಂದಕ್ಕೆ, ನೇರಕ್ಕೆ ಹಾರಿಸುತ್ತಾ ಇರಿ. ಸದಾ ಎಡಕ್ಕೇ ಹೋಗುತ್ತಿದೆಯಾ? ಸ್ಕ್ವಿಜರಿನ ಮುಖ ತಿರುಗಿದೆ, ಅಥವಾ ಎಳೆಯುವಾಗ ಮಣಿಕಟ್ಟು ಒಂದು ಬದಿಗೆ ವಾಲುತ್ತಿದೆ. ಹಾರದೆ ಬರೀ ಜಾರುತ್ತಿದೆಯಾ? ಒತ್ತಡ ಕಡಿಮೆ. ಬಿದ್ದ ಮೇಲೆ ಗಾಲಿಯ ಹಾಗೆ ಉರುಳಿ ಹೋಗುತ್ತಿದೆಯಾ? ಸ್ಕ್ವಿಜರಿನ ಓರೆ ಒಂಚೂರು ಬದಲಿಸಿ ನೋಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಇಲ್ಲದಿದ್ದರೆ ಯಾವುದರಿಂದ ಸರಿಹೋಯಿತು ಅಂತ ತಿಳಿಯೋದಿಲ್ಲ. ನನ್ನ ಬಿಲ್ಲೆಗಳು ಒಂದು ವಾರ ಉರುಳಿದ್ದೇ ಉರುಳಿದ್ದು. ತಂಗಿ ಮಗಳು ನೋಡಿ, “ಮಾಮ, ನಿಮ್ಮದು ಟಿಡ್ಲಿವಿಂಕ್ಸ್ ಅಲ್ಲ, ಚಕ್ರ ಓಡಿಸೋ ಆಟ” ಅಂದಳು. ಅವಳದ್ದು ಎರಡನೇ ಸಲಕ್ಕೇ ಸರಿಯಾಗಿ ಹಾರಿತ್ತು. ಮಕ್ಕಳ ಕೈಯಲ್ಲಿ ಜಾಸ್ತಿ ಬಲ ಇರೋದಿಲ್ಲ, ಅದೇ ಅವರಿಗೆ ಅನುಕೂಲ.

ಮುಚ್ಚೋದು

ಇದೇ ಈ ಆಟದ ಜೀವ. ಇದಕ್ಕೆ ಸ್ಕ್ವಾಪ್ ಅಂತ ಹೆಸರು. ಒಂದು ಬಿಲ್ಲೆ ಇನ್ನೊಂದರ ಮೇಲೆ ಕೂದಲೆಳೆಯಷ್ಟು ಚಾಚಿಕೊಂಡಿದ್ದರೂ ಸಾಕು, ಕೆಳಗಿನದು ಸ್ಕ್ವಾಪ್ ಆಯಿತು. ಅದರ ಒಡೆಯ ಅದನ್ನು ಮುಟ್ಟುವ ಹಾಗಿಲ್ಲ. ಪೂರ್ತಿ ಮುಚ್ಚಬೇಕು ಅಂತೇನಿಲ್ಲ. ತಾಗಿದೆಯೋ, ಮೇಲಿದೆಯೋ ಅನ್ನೋ ಅನುಮಾನ ಬಂದರೆ ಇಬ್ಬರೂ ಬಗ್ಗಿ ಬದಿಯಿಂದ ನೋಡಬೇಕಾಗುತ್ತದೆ. ಮನೆಯಲ್ಲಿ ಜಗಳ ಶುರುವಾಗೋದೂ ಇಲ್ಲೇ. ಆಟದಲ್ಲಿಲ್ಲದ ಮೂರನೆಯವರನ್ನು ಕರೆದು ತೋರಿಸೋದು ವಾಸಿ.

ನಿಮ್ಮ ಬಿಲ್ಲೆ ನಿಮ್ಮದೇ ಇನ್ನೊಂದು ಬಿಲ್ಲೆಯ ಮೇಲೆ ಬಿದ್ದರೂ ಕೆಳಗಿನದು ಬಂದಿಯೇ. ಜೊತೆಗಾರರ ಬಿಲ್ಲೆ ಮೇಲೆ ಬಿದ್ದರೂ ಅಷ್ಟೇ.

ಅಭ್ಯಾಸ ಹೀಗೆ ಮಾಡಿ. ಬೇರೆ ಬಣ್ಣದ ಒಂದು ದೊಡ್ಡ ಬಿಲ್ಲೆಯನ್ನು ಹಾಸಿನ ಮೇಲಿಡಿ. ಅದಕ್ಕೆ ಎರಡು ಬೆರಳು ದೂರದಲ್ಲಿ ನಿಮ್ಮ ಚಿಕ್ಕ ಬಿಲ್ಲೆ. ಮೆಲ್ಲಗೆ ಎತ್ತಿ ಅದರ ಮೇಲೆ ಕೂರಿಸಿ. ಹತ್ತರಲ್ಲಿ ಆರು ಸಲ ಕೂರುವ ತನಕ ದೂರ ಹೆಚ್ಚಿಸಬೇಡಿ. ಆಮೇಲೆ ನಾಲ್ಕು ಬೆರಳು, ಆಮೇಲೆ ಅರ್ಧ ಗೇಣು. ಬಟ್ಟಲಿಗೆ ಹಾರಿಸುವಷ್ಟು ಎತ್ತರ ಇಲ್ಲಿ ಬೇಡ. ಮೇಲಿನಿಂದ ಬಿದ್ದ ಬಿಲ್ಲೆ ಪುಟಿದು ಹೋಗುತ್ತದೆ. ತಗ್ಗಾಗಿ ಹಾರಿ ಹಾಗೇ ಮೇಲೇರಿದ್ದು ನಿಲ್ಲುತ್ತದೆ. ತೀರಾ ಅಂಟಿಕೊಂಡಷ್ಟು ಹತ್ತಿರದಲ್ಲಿದ್ದರೆ ಸುಲಭ ಅಂದುಕೊಳ್ಳಬೇಡಿ, ಒಂದೆರಡು ಮಿಲಿಮೀಟರ್ ದೂರದ ಸ್ಕ್ವಾಪ್‌ಗೆ ಬಹಳ ನಾಜೂಕಾದ ಕೈ ಬೇಕು.

ಮುಚ್ಚಿದ ಮೇಲೆ ಏನು? ಗುಡ್ಡೆಯ ಮೇಲಿರೋದು ನಿಮ್ಮ ಬಿಲ್ಲೆ ಅಂದರೆ ಆ ಗುಡ್ಡೆ ನಿಮ್ಮದು. ಸುಮ್ಮನೆ ಅಲ್ಲೇ ಬಿಟ್ಟು ಬೇರೆ ಕಡೆ ಆಡಬಹುದು. ಬೇಕೆಂದಾಗ ಮೇಲಿನಿಂದ ಗಟ್ಟಿಯಾಗಿ ಒತ್ತಿ ಕೆಳಗಿನ ಎದುರಾಳಿ ಬಿಲ್ಲೆಯನ್ನು ಮೂಲೆಗೆ ಸಿಡಿಸಬಹುದು. ಹೀಗೆ ದೂರ ಕಳಿಸೋದಕ್ಕೆ ಬೂಂಡಾಕ್ ಅಂತಾರೆ. ಬಟ್ಟಲಿನಿಂದ ದೂರ ಬಿದ್ದ ಬಿಲ್ಲೆ ವಾಪಸ್ ಬರೋಕೆ ಎರಡು ಮೂರು ಸರದಿ ಬೇಕು. ಆದರೆ ಆತುರ ಬೇಡ. ಸಿಡಿಸಿದ ಕೂಡಲೇ ಅದು ಬಿಡುಗಡೆಯಾಯಿತು ಅನ್ನೋದು ನೆನಪಿರಲಿ.

ಇನ್ನೊಂದು ಮಾತು. ಎದುರಾಳಿಗೆ ಆಡೋಕೆ ಒಂದೂ ಬಿಲ್ಲೆ ಉಳಿಯದಂತೆ ಎಲ್ಲವನ್ನೂ ಮುಚ್ಚಿ ಕೊನೆತನಕ ಹಾಗೇ ಕೂರೋಕೆ ನಿಯಮ ಬಿಡೋದಿಲ್ಲ. ಕೆಲವು ಸರದಿ ಆದ ಮೇಲೆ ನೀವೇ ಒಂದನ್ನು ಬಿಡಬೇಕು.

ಈಗ ಬಟ್ಟಲು

ಬಟ್ಟಲಿಗೆ ಹಾಕಲು ಒಂದು ಗೇಣಿನ ದೂರ ನನ್ನ ಕೈಗೆ ಸರಿಹೊಂದುತ್ತದೆ. ಹತ್ತಿರ ಇದ್ದಷ್ಟೂ ಒಳ್ಳೆಯದು ಅಂತ ಅನಿಸಬಹುದು, ಅಲ್ಲ. ಬಟ್ಟಲಿನ ಗೋಡೆಗೆ ಅಂಟಿಕೊಂಡ ಬಿಲ್ಲೆ ಮೇಲೇರೋಕೆ ಜಾಗವೇ ಇರೋದಿಲ್ಲ, ಗೋಡೆಗೆ ಡಿಕ್ಕಿ ಹೊಡೆದು ವಾಪಸ್ ಬರುತ್ತದೆ. ಹೀಗೆ ಸಿಕ್ಕಿಕೊಂಡಿದ್ದಕ್ಕೆ ನರ್ಡಲ್ ಆಯಿತು ಅಂತಾರೆ. ಅದನ್ನು ಮೊದಲು ಪಕ್ಕಕ್ಕೆ ತಂದು ಆಮೇಲೆ ಹಾಕಬೇಕು.

ಇಲ್ಲಿ ಎತ್ತರ ಬೇಕು. ಬಿಲ್ಲೆ ಮೇಲಕ್ಕೆ ಹೋಗಿ ಬಟ್ಟಲಿನ ಬಾಯಿಗೆ ಮೇಲಿನಿಂದ ಇಳಿಯಬೇಕು. ಕಣ್ಣು ಬಟ್ಟಲಿನ ಆಚೆ ಅಂಚಿನ ಮೇಲಿರಲಿ. ಹೊಸಬರದ್ದು ಬಹುಪಾಲು ಈಚೆ ಗೋಡೆಗೇ ಬಡಿಯೋದು. ಒಳಗೆ ಬಿದ್ದು ಪುಟಿದು ಹೊರಗೆ ಬಂದರೆ ಲೆಕ್ಕವಿಲ್ಲ. ಅದಕ್ಕೂ ಒಂದು ಹೆಸರಿದೆ, ಸ್ಕ್ರಂಜ್. ಹೊಟ್ಟೆ ಉರಿಯೋದಕ್ಕೆ ಹೆಸರಿದ್ದರೆ ಸ್ವಲ್ಪ ಸಮಾಧಾನ.

ಪೂರ್ತಿ ಆಟ

ನಾಲ್ವರು ಆಡಿದರೆ ನೀಲಿ–ಕೆಂಪು ಒಂದು ಜೋಡಿ, ಹಸಿರು–ಹಳದಿ ಇನ್ನೊಂದು. ಜೊತೆಗಾರರು ಎದುರುಬದುರು ಮೂಲೆಯಲ್ಲಿರುತ್ತಾರೆ. ಇಬ್ಬರೇ ಇದ್ದರೆ ಒಬ್ಬೊಬ್ಬರು ಎರಡೆರಡು ಬಣ್ಣ ಆಡಿ. ಬಟ್ಟಲು ನಡುವೆ. ಪ್ರತಿ ಮೂಲೆಯಲ್ಲೂ ಬಟ್ಟಲಿನಿಂದ 3 ಅಡಿ ದೂರಕ್ಕೆ ಅಡ್ಡಗೆರೆ ಎಳೆಯಿರಿ, ಬಿಲ್ಲೆಗಳೆಲ್ಲ ಗೆರೆಯ ಹಿಂದಿನಿಂದ ಹೊರಡಬೇಕು.

ಯಾರು ಮೊದಲು? ಎಲ್ಲರೂ ಒಂದೊಂದು ಬಿಲ್ಲೆಯನ್ನು ಬಟ್ಟಲಿನ ಕಡೆ ಹಾರಿಸಿ. ಯಾರದ್ದು ಹತ್ತಿರ ಬೀಳುತ್ತದೋ ಅವರದ್ದು ಮೊದಲ ಸರದಿ. ಆಮೇಲೆ ಗಡಿಯಾರದ ದಿಕ್ಕಿನಲ್ಲಿ ನೀಲಿ, ಹಸಿರು, ಕೆಂಪು, ಹಳದಿ. ಒಂದು ಸರದಿಗೆ ಒಂದು ಹೊಡೆತ. ನಿಮ್ಮ ಬಿಲ್ಲೆ ಬಟ್ಟಲಿಗೆ ಬಿದ್ದರೆ ಇನ್ನೊಂದು ಹೊಡೆತ ಸಿಗುತ್ತದೆ, ಕೇರಂನಲ್ಲಿ ಕಾಯಿ ಬಿದ್ದರೆ ಸಿಗುವ ಹಾಗೇ. ನಿಮ್ಮ ಬಿಲ್ಲೆ ಹಾಸಿನಿಂದಾಚೆ ಹೋದರೆ, ಹೋದ ಜಾಗದ ಹತ್ತಿರವೇ ಅಂಚಿನಿಂದ 22 ಮಿ.ಮೀ. ಒಳಗೆ ಇಟ್ಟು, ಮುಂದಿನ ಸರದಿ ಬಿಡಬೇಕು.

ಗೆರೆಯ ಹಿಂದಿನಿಂದ ಬಿಲ್ಲೆ ತರುವಾಗ ನೇರ ಬಟ್ಟಲಿಗೇ ಗುರಿಯಿಡೋದು ಹೊಸಬರ ಚಾಳಿ. 3 ಅಡಿಯಿಂದ ಬಟ್ಟಲಿಗೆ ಬೀಳೋದು ಅಪರೂಪ. ಅದರ ಬದಲು ನಿಮ್ಮವರ ಬಿಲ್ಲೆಗಳ ಹತ್ತಿರ, ಎದುರಾಳಿಯಿಂದ ಒಂದು ಗೇಣು ದೂರಕ್ಕೆ ಬೀಳಿಸಿ. ಎದುರಾಳಿಯ ಪಕ್ಕಕ್ಕೇ ಬಿದ್ದರೆ ನಿಮ್ಮದನ್ನು ಅವರು ಮುಂದಿನ ಸರದಿಯಲ್ಲೇ ಮುಚ್ಚುತ್ತಾರೆ. ದೊಡ್ಡ ಬಿಲ್ಲೆಗಳನ್ನು ಬೇಗ ಬಟ್ಟಲಿಗೆ ಹಾಕಿಬಿಡಬೇಡಿ. ಅವೇ ಜಾಸ್ತಿ ಜಾಗ ಮುಚ್ಚೋದು.

ಜೋಡಿ ಆಟಕ್ಕೆ 25 ನಿಮಿಷ, ಒಬ್ಬರ ಮೇಲೆ ಒಬ್ಬರಾದರೆ 20. ಸಮಯ ಮುಗಿದಾಗ ಆ ಸುತ್ತು ಮುಗಿಸಿ ಇನ್ನೂ 5 ಸುತ್ತು ಆಡಬೇಕು. ನಿಜವಾದ ಮಜಾ ಆ 5 ಸುತ್ತಿನಲ್ಲಿದೆ. ಅಲ್ಲಿಯತನಕ ಗುಡ್ಡೆ ಕಾಯುತ್ತಾ ಕೂತವರೆಲ್ಲ ಒಮ್ಮೆಲೇ ಬಟ್ಟಲಿಗೆ ಓಡುತ್ತಾರೆ.

ಲೆಕ್ಕ ಹೀಗೆ: ಬಟ್ಟಲಿನಲ್ಲಿರುವ ಒಂದೊಂದು ಬಿಲ್ಲೆಗೆ 3, ಹಾಸಿನ ಮೇಲೆ ಮುಚ್ಚದೆ ಉಳಿದಿದ್ದಕ್ಕೆ 1, ಮುಚ್ಚಿಕೊಂಡಿದ್ದಕ್ಕೆ ಸೊನ್ನೆ. ಗೆರೆ ದಾಟಿ ಬಾರದ್ದಕ್ಕೂ ಸೊನ್ನೆ. ಒಂದು ಆಟ ಹೀಗೆ ಮುಗಿಯಿತು ಅಂದುಕೊಳ್ಳಿ. ಹಳದಿಯದು 3 ಬಟ್ಟಲಲ್ಲಿ, 1 ಹೊರಗೆ, 2 ಬಂದಿ: ಒಟ್ಟು 10. ನೀಲಿಯದು 2 ಬಟ್ಟಲಲ್ಲಿ, 3 ಹೊರಗೆ, 1 ಬಂದಿ: 9. ಹಸಿರಿನದು ಬಟ್ಟಲಲ್ಲಿ ಏನೂ ಇಲ್ಲ, 5 ಹೊರಗೆ, 1 ಬಂದಿ: 5. ಕೆಂಪಿನದು 1 ಬಟ್ಟಲಲ್ಲಿ, 1 ಹೊರಗೆ, 4 ಬಂದಿ: 4. ಇನ್ನು ಸ್ಥಾನದ ಅಂಕ. ಮೊದಲ ಬಣ್ಣಕ್ಕೆ 4, ಎರಡನೆಯದಕ್ಕೆ 2, ಮೂರನೆಯದಕ್ಕೆ 1, ಕೊನೆಯದಕ್ಕೆ ಏನಿಲ್ಲ. ಹಳದಿ–ಹಸಿರು ಜೋಡಿಗೆ 5, ನೀಲಿ–ಕೆಂಪು ಜೋಡಿಗೆ 2. ಹಸಿರಿನವರು ಒಂದೂ ಬಟ್ಟಲಿಗೆ ಹಾಕಿಲ್ಲ, ನೋಡಿದಿರಾ? ಆದರೂ ಕೆಂಪಿನ ನಾಲ್ಕು ಬಿಲ್ಲೆ ಬಂದಿಯಾಗಿದ್ದಕ್ಕೆ ಅವರು ಮೇಲೆ ಬಂದರು.

ಒಂದು ಬಣ್ಣದ ಆರೂ ಬಟ್ಟಲಿಗೆ ಬಿದ್ದರೆ ಮುಚ್ಚಿದ ಬಿಲ್ಲೆಗಳೆಲ್ಲ ಬಿಡುಗಡೆಯಾಗುತ್ತವೆ, ಸ್ಕ್ವಾಪ್ ಅಲ್ಲಿಗೆ ಮುಗಿಯಿತು. ಉಳಿದ ಸ್ಥಾನಕ್ಕೆ ಮಿಕ್ಕವರು ಬಟ್ಟಲಿಗೆ ಹಾಕುತ್ತಾ ಹೋಗುತ್ತಾರೆ. ಕೊನೆಗೆ ಸೋತ ಜೋಡಿಯ 1 ಅಂಕ ಗೆದ್ದ ಜೋಡಿಗೆ ಹೋಗುತ್ತದೆ. ಶುರುವಿನಿಂದಲೇ ಇದಕ್ಕೆ ಕೈ ಹಾಕುವ ಧೈರ್ಯಶಾಲಿಗಳಿದ್ದಾರೆ, ಅದಕ್ಕೆ ಬ್ಲಿಟ್ಜ್ ಅಂತಾರೆ. ಆರರಲ್ಲಿ ನಾಲ್ಕು ಹಾಕಿ ಕೈಕೊಟ್ಟರೆ ಹಾಸಿನ ಮೇಲೆ ಕಾವಲಿಗೆ ಉಳಿಯೋದು ಎರಡೇ ಬಿಲ್ಲೆ. ಮೊದಲ ತಿಂಗಳು ಆ ಸಾಹಸ ಬೇಡ.

ಶುರುವಿನ ಕೆಲವು ಆಟಗಳನ್ನು ಹೀಗೆ ಆಡಿ: 10 ನಿಮಿಷ, ಇಬ್ಬರು, ಒಬ್ಬೊಬ್ಬರಿಗೆ ಒಂದೇ ಬಣ್ಣ, ಚಿಕ್ಕ ಹಾಸು. ಮುಚ್ಚೋದು, ಬಿಡಿಸೋದು ಕೈಗೆ ಹತ್ತಿದ ಮೇಲೆ ಪೂರ್ತಿ ನಿಯಮಕ್ಕೆ ಬನ್ನಿ. ಆಟ ಮುಗಿದ ಮೇಲೆ 24 ಬಿಲ್ಲೆಯನ್ನೂ ಎಣಿಸಿಯೇ ಹಾಸು ಸುತ್ತಿ. ಮನೆಯಲ್ಲಿ ಸಿಕ್ಕಿದ್ದೆಲ್ಲ ಬಾಯಿಗೆ ಹಾಕುವ ಮಗು ಇದ್ದರೆ ಇದನ್ನು ತಪ್ಪಿಸಲೇಬೇಡಿ. ಒಂದು ಕಡಿಮೆ ಬಂದರೆ ಮೊದಲು ಮಂಚದ ಕೆಳಗೆ ನೋಡಿ.